ಹದಿನಾಲ್ಕು ದಿನದ ನೋಟೀಸು

ವಾಡಿ ಜಂಕ್ಷನ್
ರವಿವಾರ, ೨೭ ಜೂನ್ ೧೯೩೭

ಚಿ. ಸೌ. ಭಾಮಾಗ, ವಾಡಿಯಿಂದ ನಿಮ್ಮಪ್ಪನ ಅನೇಕ ಆಶೀರ್ವಾದ.

ನಿನ್ನ ಮೂರೂ ಕಾಗದ ಬಂದು ಮುಟ್ಟ್ಯಾವ. ಒಂದಕ್ಕೂ ಉತ್ತರ ಬರೀಲಿಲ್ಲ, ಸಿಟ್ಟಾಗಬ್ಯಾಡ. ಮೊದಲನೇದು ಬಂದಾಗ ಕಚೇರಿ ಕೆಲಸದ ನೆವ ಇತ್ತು. ಎರಡನೇದು ಬಂದಾಗ ಖರೇನ ಜ್ವರ ಇತ್ತು. ಮೂರನೇದಕ್ಕ ನೆವ ಹುಡುಕೂ ತ್ರಾಣ ಸೈತ ಉಳೀಲಿಲ್ಲ. ನಿಮ್ಮವ್ವ ದಿನಾ ಊಟಕ್ಕ ಬಡಿಸೂ ಮುಂದ ಕೇಳ್ತಾಳ, "ಇಡೀ ದಿನ ಸರಕಾರದ ಕಾಗದ ಬರೀತೀರಿ, ಮಗಳಿಗೆ ನಾಲ್ಕು ಸಾಲು ಬರದ್ರ ಕೈ ಸವೀತದೇನು?" ಅಂತ. ಕೈ ಸವಿಯೂದಿಲ್ಲ. ಆದ್ರ ಕಾಗದ ಮುಂದ ಇಟಗೊಂಡು ಕೂತ್ರ ಮೊದಲನೇ ಸಾಲು ಬರೂದಿಲ್ಲ.

ನಿಮ್ಮವ್ವ ಹುಷಾರಿದ್ದಾಳ. ಮೊಣಕಾಲು ನೋವು ಇದ್ದದ್ದೇ, ಈಗ ಅದಕ್ಕ ಎಕ್ಕಿ ಎಲಿ ಕಾಸಿ ಕಟ್ಟಿಗೋತಾಳ. ಇಲ್ಲಿ ಮಳಿ ಬರಿ ಮುಖಾ ತೋರಿಸಿ ಹೋಗಲಿಕತ್ತದ. ದಂಡೋತಿಯಿಂದ ನಿಮ್ಮ ಕಾಕಾ ಬರದಾನ, ಕಾಗಿಣಾ ಹೊಳಿಗೆ ಹೊಸ ನೀರು ಬಂದದಂತ, ತೊಗರಿ ಬಿತ್ತಿಗಿ ಸುರು ಮಾಡ್ಯಾರಂತ. ನಿನ್ನ ಮದುವಿಗೆ ಹಾಕಿದ ಹಂದರದ ಗಳ ಇನ್ನೂ ಅಂಗಳದಾಗೇ ಬಿದ್ದಾವಂತ. ಯಾರಾದ್ರೂ ಎತ್ತಿ ಇಡಸ್ರಿ ಅಂತ ನನಗೇ ಬರದಾನ. ಇಲ್ಲಿಂದ ನಾ ಹ್ಯಾಂಗ ಎತ್ತಲಿ.

ಮೂರೂ ಕಾಗದದಾಗ ನೀ ಕೇಳಿದ ಮಾತು ಒಂದೇ. ರತ್ನಾಬಾಯಿ ಹ್ಯಾಂಗಿದ್ದಾಳ, ಅವರ ಲಗ್ನ ಆತೇನು, ಯಾರೂ ನನಗ ಯಾಕ ಹೇಳವಲ್ರು ಅಂತ. ಡಿಸೆಂಬರದಾಗ ನೀ ಕಾಳಗಿಗೆ ನಿನ್ನ ಸೋದರತ್ತಿ ಸೀತಾಬಾಯಿ ಮನಿಗೆ ಹೋಗೂ ಮುಂದ, ಕುಬಸಾ ಹೊಲೀಲಿಕ್ಕೆ ಅರಿವಿ ಕೊಡಲಿಕ್ಕೆ ಹೋದಾಗ, ರತ್ನಾಬಾಯಿ ಲಗ್ನದ ವಿಚಾರ ನಿನ್ನ ಮುಂದ ಹೇಳಿದ್ಲಂತಲ್ಲ. ಹೇಳತೀನಿ. ಈ ಕಾಗದ ಟಪಾಲಿಗೆ ಹಾಕೂದಿಲ್ಲ. ಸೀತಾಬಾಯಿ ಬರೂ ವಾರ ನಿಮ್ಮ ಚಿಂಚೋಳಿಗೆ ಬರಲಿಕತ್ತಾಳ, ಆಕಿ ಕೈಯಾಗೇ ಕೊಟ್ಟು ಕಳಸ್ತೀನಿ. ನೀ ಒಬ್ಬಾಕಿನೇ ಓದು.

ಜನವರಿ ನಾಲ್ಕನೇ ತಾರೀಖು, ಸೋಮವಾರ. ಕಚೇರಿ ಬಾಗಲಾ ತೆಗದು ನಾ ಇನ್ನೂ ರುಮಾಲು ತೆಗದಿಟ್ಟಿರಲಿಲ್ಲ. ರತ್ನಾಬಾಯಿ ಬಂದು ಹೊಸ್ತಿಲ ಹೊರಗ ನಿಂತ್ಲು.

"ರಾವಸಾಹೇಬ್ರ, ಲಗ್ನದ ನೋಟೀಸು ಕೊಡಬೇಕಾಗ್ಯದ್ರಿ."

"ಯಾರ ಲಗ್ನ?"

"ನಂದೇ ರೀ. ಡ್ರೈವರ್ ಸಾಹೇಬ್ರ ಜೋಡಿ."

ನಿನಗ ಗೊತ್ತದ, ರೈಲ್ವೆ ಚಾಳದಾಗ ಇದು ಎಲ್ಲಾರಿಗೂ ತಿಳದ ಮಾತು, ಯಾರೂ ಬಾಯಿ ಬಿಟ್ಟು ಆಡದ ಮಾತು. ಗುರುಲಿಂಗಪ್ಪ ಸುಲೇಪೇಟದ ಲಿಂಗಾಯತರ ಮನಿತನದಾಂವ, ಇಂಜಿನ್ ಡ್ರೈವರ್. ಈಕಿ ಶಹಾಬಾದದ ಶಿಂಪಿಗರ ಮಗಳು, ಇಪ್ಪತ್ತಕ್ಕ ಗಂಡನ್ನ ಕಳಕೊಂಡಾಕಿ. ಹದಿನೇಳು ವರ್ಷದಿಂದ ಒಂದೇ ಮನಿಯೊಳಗ ಇದ್ರು. ಹುಡುಗಿ ಲಲಿತಾ ಇಲ್ಲೇ ಹುಟ್ಟಿ ಬೆಳದದ್ದು. ಇವರಿಬ್ಬರಿಗೆ ಯಾವ ಅಯ್ಯನವರೂ ಅಕ್ಕಿಕಾಳು ಹಾಕಲಿಲ್ಲ, ಯಾವ ಭಟ್ಟರೂ ಮಂತ್ರ ಹೇಳಲಿಲ್ಲ. ಕಚೇರಿಯೊಳಗ ಲಗ್ನ ಆಗಬೇಕಂದ್ರ ಹಿಂದಿನ ಕಾಯದೆ ಪ್ರಕಾರ ನಮಗ ಧರ್ಮನೇ ಇಲ್ಲ ಅಂತ ಬರಕೊಡಬೇಕಿತ್ತು. "ಕೊರಳಾಗ ಲಿಂಗ ಕಟಗೊಂಡು ಹಂಗ ಹ್ಯಾಂಗ ಬರಕೊಡಲಿ?" ಅಂತ ಗುರುಲಿಂಗಪ್ಪ ಆಗ ಒಪ್ಪಲಿಲ್ಲ. ಮುಂದ ಕಾಯದೆ ಬದಲಾತು, ಹಂಗ ಬರಕೊಡೂ ಕಾರಣ ಉಳೀಲಿಲ್ಲ. ಅಷ್ಟೊತ್ತಿಗೆ ಇಬ್ಬರಿಗೂ ರೂಢಿ ಆಗಿ ಹೋಗಿತ್ತು. ಇವತ್ತಲ್ಲ ನಾಳೆ ಅಂತ ವರ್ಷಗಳು ಕಳದ್ವು.

"ಈಗ ಯಾಕ?" ಅಂತ ಕೇಳಿದೆ. ಕೇಳಬಾರದಿತ್ತು. ಕಾಯದೆಯೊಳಗ ಆ ಪ್ರಶ್ನೆ ಇಲ್ಲ.

ಆಕಿ ನೆಲಾ ನೋಡಿಕೋತ ಹೇಳಿದ್ಲು. "ಅವರ ಎದಿಯಾಗ ನೀರು ತುಂಬ್ಯಾವ್ರಿ. ರೈಲ್ವೆ ಡಾಕ್ಟರ್ ಮೂರು ವಾರ ಅಂದ್ರು. ಅವರು ಹ್ವಾದ್ರ ಸುಲೇಪೇಟದ ಮಂದಿ ಬಂದು ಹೆಣಾ ಒಯ್ಯತಾರ. ನಾ ಯಾರು ಅಂತ ಮಗ್ಗಲಾಗ ಕೂಡಲಿ? ಲಲಿತಾನ್ನ ಹಡದದ್ದು ನಾ, ಸಾಕಿದ್ದು ಅವರು. ನಾಳೆ ಆ ಹುಡುಗಿ ಅಪ್ಪ ಅಂತ ಅಳಬೇಕಾದ್ರ ಯಾರದರೆ ಪರವಾನಗಿ ಕೇಳಬೇಕೇನ್ರಿ?"

ನಾ ಫಾರ್ಮು ತೆಗದೆ. ಬರಿಸಿಕೊಂಡೆ. ಆಕಿ ಸಹಿ ಮಾಡೂ ಮುಂದ ಒಂದು ಮಾತು ಕೇಳಿದ್ಲು. "ಹದಿನಾಲ್ಕು ದಿನ ಕಾಯಬೇಕಂತಲ್ರಿ. ತಾರೀಖು ಒಂದಿಷ್ಟು ಹಿಂದ ಹಾಕಿದ್ರ ನಡಿಯೂದಿಲ್ಲೇನ್ರಿ?"

ಆಗೂದಿಲ್ಲ ಅಂದೆ. ನೋಟೀಸು ಬುಕ್ಕಿನೊಳಗ ತಾರೀಖು ಹಿಂದ ಮುಂದ ಮಾಡಿದ್ರ ನಾಳೆ ಯಾರಾದ್ರೂ ನಿಮ್ಮ ಲಗ್ನಾನೇ ಸುಳ್ಳು ಅಂತ ಮಾಡ್ಯಾರು ಅಂತ ತಿಳಿಸಿ ಹೇಳಿದೆ. ಆಕಿ ಗೋಣು ಹಾಕಿದ್ಲು. "ಹಂಗಾದ್ರ ಅವರಿಗೆ ಹೇಳತೀನ್ರಿ, ಹದಿನಾಲ್ಕು ದಿನ ಗಟ್ಟಿ ಇರ್ರಿ ಅಂತ," ಅಂತಂದು ಹ್ವಾದ್ಲು.

ಈ ಕೆಲಸ ನನಗ ಹ್ಯಾಂಗ ಗಂಟು ಬಿತ್ತು ಅನ್ನೂದು ನಿನಗ ಗೊತ್ತೇ ಅದ. ಹೆಡ್‌ಕ್ಲಾರ್ಕ್ ನೌಕರಿ ಜೋಡಿ ಮದುವಿ ರಜಿಸ್ಟ್ರಾರ್ ಅಂತ ಇನ್ನೊಂದು ಹೆಸರು ಅಂಟಿಸಿದ್ರು. ಆರು ವರ್ಷದಾಗ ಹನ್ನೊಂದು ಲಗ್ನ ಮಾಡಸೀನಿ. ಹಂದರ ಇಲ್ಲ, ವಾದ್ಯ ಇಲ್ಲ. ಒಂದು ಮೇಜು, ಒಂದು ದೌತಿ, ಮೂರು ಮಂದಿ ಸಾಕ್ಷಿ. ಗಂಡು ಒಂದು ವಾಕ್ಯ ಹೇಳಬೇಕು, ಹೆಣ್ಣು ಒಂದು ವಾಕ್ಯ ಹೇಳಬೇಕು. ನಾ ಕೇಳಿಸಿಕೋಬೇಕು, ಬರೀಬೇಕು. ಅಷ್ಟೇ ನನ್ನ ಪಾತ್ರ. ಆ ಅಷ್ಟರ ಸಲುವಾಗಿ ಆರಾಧನಿ ಪಂಕ್ತಿಯೊಳಗ ನನ್ನ ಎಲಿ ಒಂದು ಮೊಳ ದೂರ ಸರಿದದ್ದು ನೀ ನೋಡೀದಿ. ನಿಮ್ಮವ್ವಗ ಹಳದಿ ಕುಂಕುಮಕ್ಕ ಕರಿಯೂದು ಬಿಟ್ಟವರನ್ನೂ ನೋಡೀದಿ. ನಾ ಯಾರ ಮನಿ ಹುಡುಗಿನ್ನೂ ಓಡಿಸಿಕೊಂಡು ಬಂದಾಂವ ಅಲ್ಲ. ಬಂದವರ ಹೆಸರು ಬರಕೊಂಡಾಂವ ಅಷ್ಟೇ. ಅದನ್ನ ಹೇಳಿ ಹೇಳಿ ನಾಲಿಗಿ ದಣಿತು, ಕಡೀಕ ಹೇಳೂದೇ ಬಿಟ್ಟೆ.

ನೋಟೀಸು ಹಲಗಿಗೆ ಹಚ್ಚಿದ ದಿನಾ ಸಂಜೀಕ ಗುರುಲಿಂಗಪ್ಪನ್ನ ನೋಡಲಿಕ್ಕೆ ಹೋದೆ. ಕಾಲು ಊದಿ ಕಂಬ ಆಗಿದ್ವು. ಮಲಗಿದ್ರ ಉಸಿರು ಸಿಗೂದಿಲ್ಲ ಅಂತ ಗ್ವಾಡಿಗೆ ಹಾಸಿಗಿ ಸುತ್ತಿ ಇಟ್ಟು ಅದಕ್ಕ ಆನಿಸಿ ಕೂಡಿಸಿದ್ರು. ನನ್ನ ನೋಡಿ ನಕ್ಕ.

"ಹದಿನಾಲ್ಕು ದಿನ ಏನು ದೊಡ್ಡದ್ರಿ ರಾವಸಾಹೇಬ್ರ. ಸಿಗ್ನಲ್ ಬೀಳೂತನಕ ಊರ ಹೊರಗ ಗಾಡಿ ನಿಲ್ಲಿಸಿಕೊಂಡು ಕಾದು ಕಾದು ನನಗ ರೂಢಿ ಅದ."

ಆ ಹದಿನಾಲ್ಕು ದಿನ ಇಡೀ ಚಾಳನೇ ದಿನಾ ಎಣಸ್ತಿತ್ತು. ಅವನ ಇಂಜಿನ್ನಿನ ಮ್ಯಾಲೆ ಫೈರ್‌ಮನ್ ಆಗಿದ್ದ ಬಂದೇಅಲಿ ಡ್ಯೂಟಿ ಮುಗಿಸಿ ಬಂದಾಂವನೇ ಮೊದಲು ನನ್ನ ಕಚೇರಿ ಕಿಡಕಿಗೆ ಬಂದು, "ಎಷ್ಟು ಆತು ಸಾಬ್?" ಅಂತ ಕೇಳಾಂವ. ಏಳು ಅಂತಿದ್ದೆ. ಎಂಟು ಅಂತಿದ್ದೆ. ಆ ಸುದ್ದಿ ತಗೊಂಡು ಸೀದಾ ಗುರುಲಿಂಗಪ್ಪನ ಮನಿಗೆ ಹೋಗಾಂವ. ಸಂಕ್ರಾಂತಿ ದಿನಾ ಲಲಿತಾ ಕುಸುರೆಳ್ಳು ತಂದು ಕೊಟ್ಲು. "ಅಪ್ಪಾ ಇವತ್ತ ಒಂದು ರೊಟ್ಟಿ ಪೂರ್ತಿ ತಿಂದಾನ್ರಿ ಕಾಕಾ," ಅಂದ್ಲು. ನಿಮ್ಮವ್ವ ಒಳಗಿಂದ ಕೇಳಿಸಿಕೊಂಡು ದೇವರ ಮುಂದ ಒಂದು ಜೋಡಿ ಬತ್ತಿ ಹೆಚ್ಚಿಗಿ ಹಚ್ಚಿದ್ಲು.

ಸೋಮವಾರ ಹದಿನೆಂಟಕ್ಕ ಅವಧಿ ಮುಗೀತಿತ್ತು. ಮಂಗಳವಾರ ಮುಂಜಾನೆ ಎಂಟಕ್ಕ ನಾನೇ ರಜಿಸ್ಟರ್ ತಗೊಂಡು ಅವರ ಮನಿಗೆ ಹೋಗೂದು ಅಂತ ಗೊತ್ತು ಮಾಡಿತ್ತು. ಹಂಗ ಮನಿಗೆ ಹೋಗಿ ಲಗ್ನ ಮಾಡಸಲಿಕ್ಕೆ ಕಾಯದೆಯೊಳಗ ಅವಕಾಶ ಅದ.

ಆ ಸೋಮವಾರ ಸುಲೇಪೇಟದಿಂದ ಗುರುಲಿಂಗಪ್ಪನ ತಮ್ಮ ರೇವಣಪ್ಪ ತಕರಾರು ಅರ್ಜಿ ತಗೊಂಡು ಬಂದ. ಅಣ್ಣಗ ಸಣ್ಣಾಂವಿದ್ದಾಗ ಲಗ್ನ ಮಾಡ್ಯಾರ, ಆ ಹೆಂಡತಿ ಮಹಾದೇವಮ್ಮ ಇನ್ನೂ ಜೀವಂತ ಇದ್ದಾಳ, ಹಿಂಗಾಗಿ ಎರಡನೇ ಲಗ್ನ ಆಗಬಾರದು ಅಂತ ಬರಸಿದ್ದ. ನಾ ತಗೊಂಡೆ. ಮೊದಲಿನ ಹೆಂಡತಿ ಇದ್ದಾಳ ಅಂತ ತಕರಾರು ಬಂದ್ರ ಅದು ಖರೇನೋ ಸುಳ್ಳೋ ಅಂತ ತೀರ್ಮಾನ ಮಾಡೂದು ರಜಿಸ್ಟ್ರಾರನ ಕೈಯಾಗ ಇಲ್ಲ. ತಕರಾರು ಹಾಕಿದಾಂವ ಕೋರ್ಟಿಗೆ ಹೋಗಲಿ ಅಂತ ಇನ್ನೂ ಹದಿನಾಲ್ಕು ದಿನ ಕೊಡಬೇಕು. ಅಲ್ಲೀತನಕ ಲಗ್ನ ನಿಂತಂಗೇ.

ಮಂಗಳವಾರ ಎಂಟಕ್ಕ ಬರಿಗೈಲೆ ಹೋದೆ. ಬಾಗಲಿಗೆ ಮಾವಿನ ತಳಲು ಕಟ್ಟಿದ್ರು. ರತ್ನಾಬಾಯಿ ಹಸರು ಇಳಕಲ್ ಸೀರಿ ಉಟಗೊಂಡಿದ್ಲು. ಬಂದೇಅಲಿ ಇಸ್ತ್ರಿ ಮಾಡಿದ ಶೇರ್ವಾನಿ ಹಾಕ್ಕೊಂಡು ಇನ್ನಿಬ್ಬರು ಸಾಕ್ಷಿದಾರರ ಜೋಡಿ ಕೂತಿದ್ದ. ಗುರುಲಿಂಗಪ್ಪನ ಮುಖಾ ತೊಳದು ವಿಭೂತಿ ಹಚ್ಚಿ, ತಲಿಗೆ ಜರದ ರುಮಾಲು ಸುತ್ತಿದ್ರು. ಆ ರುಮಾಲು ಅವನ ತಲಿಗೆ ದೊಡ್ಡದಾಗಿತ್ತು.

ನಾ ನಿಂತಲ್ಲೇ ಹೇಳಿದೆ. ಗುರುಲಿಂಗಪ್ಪನೇ ಮೊದಲು ಬಾಯಿ ಬಿಟ್ಟ.

"ಮಹಾದೇವಿ ಸತ್ತು ಹದಿನೆಂಟು ವರ್ಷ ಆತ್ರೀ. ದೊಡ್ಡ ಜಡ್ಡಿನ ವರ್ಷದಾಗ ಹ್ವಾದ್ಲು. ನಾನೇ ಮಣ್ಣು ಹಾಕಿ ಬಂದೀನಿ. ನನ್ನ ತಮ್ಮ ನನ್ನ ಮಗ್ಗಲಾಗೇ ನಿಂತಿದ್ದ."

"ಅದಕ್ಕ ಕಾಗದ ಪತ್ರ ಏನಾದ್ರೂ ಅದ?"

"ನಮ್ಮೂರಾಗ ಸತ್ತವರಿಗೆ ಯಾರು ಕಾಗದ ಕೊಡತಾರ್ರೀ. ಇದ್ದವರಿಗೇ ಸಿಗವಲ್ದು."

ಬಂದೇಅಲಿ ನನ್ನ ಕೈ ಹಿಡಕೊಂಡು ಹೊರಗ ಕರಕೊಂಡು ಬಂದ. "ಸಾಬ್, ಇನ್ನೊಂದು ಹದಿನಾಲ್ಕು ದಿನ ಅವರು ಇರಂಗಿಲ್ಲ. ನಿಮಗೂ ಕಾಣಸ್ತದ. ಬರಕೊಂಡು ಬಿಡ್ರಿ. ಆ ತಕರಾರು ಕಾಗದ ನಾಳೆ ಸಿಕ್ಕಿತು ಅನ್ರಿ." ನಾ ಆಗೂದಿಲ್ಲ ಅಂದೆ. ಅವನು ಕೈ ಬಿಟ್ಟ. ಶೇರ್ವಾನಿ ಗುಂಡಿ ಒಂದೊಂದೇ ಬಿಚ್ಚಿಕೋತ ನನ್ನ ಮುಖಾ ನೋಡದೇ ಹೋದ.

ತಿರುಗಿ ಒಳಗ ಹೋದೆ, ಹೋಗಿಬರ್ತೀನಿ ಅಂತ ಹೇಳಲಿಕ್ಕೆ. ಗುರುಲಿಂಗಪ್ಪ, "ಒಂದೀಟು ಕುಂದ್ರಿ," ಅಂದ. "ಆ ಮಾತು ಏನದ, ಅದನ್ನ ನಾ ಬಾಯಿಪಾಠ ಮಾಡೀನಿ. ಅದು ವ್ಯರ್ಥ ಹೋಗಬಾರದು. ನೀವು ಬರಕೊಳ್ಳಬ್ಯಾಡ್ರಿ, ಬರೇ ಕೇಳ್ರಿ." ಆಮ್ಯಾಲೆ ರತ್ನಾಬಾಯಿ ಕಡೆ ತಿರುಗಿ, ಉಸಿರು ಹಿಡದು ಹಿಡದು ಹೇಳಿದ. "ಗುರುಲಿಂಗಪ್ಪ ಅನ್ನೂ ನಾನು, ರತ್ನಾಬಾಯಿ ಅನ್ನೂ ನಿನ್ನನ್ನ, ಕಾಯದೆ ಪ್ರಕಾರ ನನ್ನ ಹೆಂಡತಿ ಅಂತ ಒಪ್ಪಿಕೊಂಡೀನಿ." ಆಕಿನೂ ಹೇಳಿದ್ಲು. ಆಕಿ ದನಿ ಗಟ್ಟಿ ಇತ್ತು, ಅತ್ತದ್ದು ಲಲಿತಾ. ಭಾಮಾ, ಹನ್ನೊಂದು ಲಗ್ನದಾಗ ಆ ವಾಕ್ಯ ಕೇಳೀನಿ. ಬರಕೋಬೇಕು ಅನ್ನೂ ಅವಸರದಾಗ ಅದರ ಅರ್ಥ ಒಂದು ಸಲನೂ ಕಿವಿಗೆ ಬಿದ್ದಿರಲಿಲ್ಲ.

ಗುರುಲಿಂಗಪ್ಪ ಇಪ್ಪತ್ತೇಳಕ್ಕ, ಬುಧವಾರ ಬೆಳಕು ಹರಿಯೂ ಮುಂದ ಹೋದ. ಅವಧಿ ಮುಗೀಲಿಕ್ಕೆ ಇನ್ನೂ ಐದು ದಿನ ಇತ್ತು. ರೇವಣಪ್ಪ ಕೋರ್ಟಿಗೂ ಹೋಗಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಶಹಾಬಾದದಾಗ ಬೀಗರ ಮನಿಯಾಗ ಕೂತು ದಿನಾ ಎಣಸ್ತಿದ್ದ. ಅವತ್ತ ಮುಂಜಾನೆ ಎಂಟಕ್ಕ ನಾಲ್ಕು ಮಂದಿನ್ನ ಕರಕೊಂಡು ಬಂದ. ಸ್ಟೇಷನ್ ಮಾಸ್ತರರನ್ನ ಕೇಳಿಕೊಂಡು ಸೇಡಂ ತನಕ ಗಾಡಿಯೊಳಗ ಹೆಣಾ ಒಯ್ಯೂ ತಯಾರಿ ಮಾಡಿದ. ರತ್ನಾಬಾಯಿ ಎದ್ದು ಹಿಂದ ಹೊಂಟ್ರ ಅಡ್ಡ ನಿಂತ.

"ನೀ ಎಲ್ಲಿಗೆ? ಇಷ್ಟು ದಿನ ಇಟಗೊಂಡಿದ್ದಿ, ಸಾಕು. ಈಗ ಅಂವ ನಮ್ಮವ."

ನಾ ಬಾಗಲಾಗ ನಿಂತಿದ್ದೆ. ಕಚೇರಿಗೆ ಹೋಗೂ ವ್ಯಾಳ್ಯಾ ಆಗಿತ್ತು. ಏನು ತಿಳೀತೋ ಏನೋ, ಜವಾನ ಅಮೀರ್ ಅಲಿನ್ನ ಕರದು, "ಇವತ್ತ ನಾ ಬರೂದಿಲ್ಲ ಅಂತ ಸಾಹೇಬ್ರಿಗೆ ಹೇಳು," ಅಂದೆ. ರತ್ನಾಬಾಯಿಗೆ, "ನಡೀರಿ, ನಾನೂ ಬರ್ತೀನಿ," ಅಂದೆ. ಲಲಿತಾನ್ನ ನಿಮ್ಮವ್ವನ ಹತ್ತರ ಬಿಡಲಿ ಅಂದ್ರ ಹುಡುಗಿ ಒಪ್ಪಲಿಲ್ಲ. ಮೂರು ಮಂದಿ ಅದೇ ಗಾಡಿಯೊಳಗ, ಬ್ಯಾರೆ ಡಬ್ಬಿಯಾಗ ಕೂತ್ವಿ. ಚಿತ್ತಾಪುರದಾಗ ಗಾಡಿ ನಿಂತಾಗ ಆಕಿ ಇಳದು ಹೆಣದ ಡಬ್ಬಿ ತನಕ ಹೋಗಿ ಬಾಗಲಾ ಮುಟ್ಟಿ ಬಂದ್ಲು. ಸೇಡಂದಾಗ ಅವರದು ಒಂದು ಬಂಡಿ, ನಮ್ಮದು ಹಿಂದ ಒಂದು ಬಂಡಿ. ದಾರಿಗುಂಟ ಜ್ವಾಳದ ತೆನಿ ಹಾಲು ತುಂಬಿ ನಿಂತಿತ್ತು. ಆಕಿ ಸುಲೇಪೇಟ ಮುಟ್ಟೂತನಕ ಮಾತಾಡಿದ್ದು ಒಂದೇ ಸಲ. "ರಾವಸಾಹೇಬ್ರ, ನಿಮ್ಮ ಭಾಮಾಬಾಯಿ ಕುಬಸಾ ಕತ್ತರಿಸಿ ಇಟ್ಟೀನ್ರಿ, ತೋಳು ಕೂಡಸೂದು ಅಷ್ಟೇ ಉಳದದ," ಅಂದ್ಲು.

ಹೊತ್ತು ಇಳಿಯೂ ಮುಂದ ಅವರ ಹೊಲಕ್ಕ ಮುಟ್ಟಿದ್ವಿ. ಕುಣಿ ತೋಡಿ ಇಟ್ಟಿದ್ರು. ತೋಡಾಂವ ಬೆವರು ಒರಸಿಕೋತ ರೇವಣಪ್ಪಗ, "ನೀವು ಹೇಳಿ ಕಳಿಸಿದಂಗ ಅಕ್ಕಾವ್ರ ಮಗ್ಗಲಾಗೇ ತೋಡೀವ್ರಿ," ಅಂದ. ಯಾವ ಅಕ್ಕಾವ್ರು ಅಂತ ನಾ ಕೇಳಿದೆ. "ಮಹಾದೇವಮ್ಮಾರ್ರಿ. ಗುರುಲಿಂಗಪ್ಪಗೌಡ್ರ ಮನಿಯವರು. ದೊಡ್ಡ ಜಡ್ಡಿನಾಗ ತೀರಿಕೊಂಡ್ರಲ್ರಿ," ಅಂತ ಪಕ್ಕದ ಸಮಾಧಿ ತೋರಿಸಿದ. ಶಹಾಬಾದಿ ಕಲ್ಲಿನ ಸಣ್ಣ ಸಮಾಧಿ. ಮ್ಯಾಲೆ ಹುಲ್ಲು ಬೆಳದಿತ್ತು. ಆಕಿ ಜೀವಂತ ಇದ್ದಾಳ ಅಂತ ಸಹಿ ಮಾಡಿಕೊಟ್ಟಾಂವ, ಅಣ್ಣನ ಕುಣಿ ಎಲ್ಲಿ ತೋಡಬೇಕು ಅಂತ ಆಕಿ ಸಮಾಧಿ ಮ್ಯಾಲಿಂದಲೇ ಗುರ್ತು ಹೇಳಿ ಕಳಿಸಿದ್ದ. ನಾ ರೇವಣಪ್ಪನ ಮುಖಾ ನೋಡಿದೆ. ಅಂವ ತಿರುಗಿ ನಿಂತ.

ಕುಣಿಯೊಳಗ ಕೂಡಿಸಿದ ಮ್ಯಾಲೆ ಅಯ್ಯನವರು ಬಿಲ್ವಪತ್ರಿ ತಟ್ಟಿ ಹಿಡಕೊಂಡು, "ಮನಿಯವರು ಯಾರು ಮೊದಲು ಹಾಕೋರು ಬರ್ರಿ," ಅಂದ್ರು. ರೇವಣಪ್ಪನ ಹೆಂಡತಿ ಮುಂದ ಬಂದ್ಲು. ರತ್ನಾಬಾಯಿ ದೂರ ಜಾಲಿಗಿಡದ ಕೆಳಗ ನಿಂತಿದ್ಲು, ಯಾರೂ ಆಕಿನ್ನ ಹತ್ತರ ಬಿಟ್ಟಿರಲಿಲ್ಲ. ನಾ ಹೋಗಿ ಆಕಿನ್ನ ಕರಕೊಂಡು ಬಂದು ಕುಣಿ ದಂಡಿಗೆ ನಿಲ್ಲಿಸಿದೆ.

"ಇವರು ಯಾರ್ರಿ?" ಅಂತ ಅಯ್ಯನವರು ಕೇಳಿದ್ರು.

"ಗುರುಲಿಂಗಪ್ಪನವರ ಹೆಂಡತಿ. ಅದು ಅವರ ಮಗಳು. ನಾ ವಾಡಿಯ ಮದುವಿ ರಜಿಸ್ಟ್ರಾರ. ಇಬ್ಬರೂ ನನ್ನ ಎದುರಿಗೆ ಮಾತು ಕೊಟ್ಟಾರ."

ಮಂದಿ ರೇವಣಪ್ಪನ ಕಡೆ ನೋಡಿತು. ಅಂವ ಬಾಯಿ ಬಿಟ್ಟಿದ್ರ ಮಗ್ಗಲಿನ ಸಮಾಧಿ ಬಗ್ಗೆ ನಾ ಬಾಯಿ ಬಿಡತಿದ್ದೆ. ಅದು ಅವಗ ತಿಳೀತು. ಎರಡು ಹೆಜ್ಜಿ ಹಿಂದ ಸರದ. ರತ್ನಾಬಾಯಿ ಪತ್ರಿ ಹಾಕಿದ್ಲು, ಲಲಿತಾ ಹಾಕಿದ್ಲು. ಆಕಿ ಕೈಯಾಗಿನ ಬಳಿ ಒಡಸಲಿಕ್ಕೆ ಊರಿನ ಹೆಂಗಸರು ಬಂದಾಗ ಆಕಿ ಬ್ಯಾಡ ಅನ್ನಲಿಲ್ಲ. ಕೈ ಮುಂದ ಮಾಡಿ ಕೂತ್ಲು. ಆಕಿಗೆ ವಿಧವಿ ಅನ್ನಿಸಿಕೊಳ್ಳೂ ಹಕ್ಕು ಸಿಕ್ಕಿತು. ನಾ ಕೊಡಸಲಿಕ್ಕೆ ಆದದ್ದು ಅಷ್ಟೇ.

ಮುಂದಿನದು ಭಾಳ ಇಲ್ಲ. ಲಗ್ನದ ದಾಖಲೆ ಇಲ್ಲ ಅಂತ ರೈಲ್ವೆಯವರು ಒಂದು ತಿಂಗಳದಾಗ ಮನಿ ಖಾಲಿ ಮಾಡ್ರಿ ಅಂದ್ರು. ನಾ ಸಿಕಂದರಾಬಾದಕ್ಕ ಮೂರು ಸಲ ಬರದೆ. ಮೂರು ಸಲನೂ ಒಂದೇ ಉತ್ತರ, ರಜಿಸ್ಟರದ ನಕಲು ಕಳಸ್ರಿ. ಇಲ್ಲದ್ದರ ನಕಲು ಎಲ್ಲಿಂದ ಕಳಸಲಿ. ಈಗ ಆಕಿ ಶಹಾಬಾದದಾಗ ಅಣ್ಣನ ಅಂಗಡಿ ಹಿಂದಿನ ಖೋಲಿಯಾಗ ಇದ್ದಾಳ. ಮಶೀನು ಇಟಗೊಂಡಾಳ. ಲಲಿತಾ ಸಾಲಿ ಬಿಟ್ಟು ಗುಂಡಿ ಹಚ್ಚಲಿಕತ್ತಾಳ. ನೀ ಮದುವಿಯೊಳಗ ತೊಟ್ಟ ಆ ಹಸರು ಕುಬಸಾ ಆಕಿ ಕಡೆಯಿಂದಲೇ ಬಂದದ್ದು. ವಾಡಿ ಬಿಡೂ ಹಿಂದಿನ ದಿನಾ ಹೊಲದು ಮುಗಿಸಿ, ಮಡಚಿ, ಬಂದೇಅಲಿ ಕೈಲೆ ಕಳಿಸಿದ್ಲು. ಆಗ ನಿನ್ನ ಮುಂದ ಹೇಳಲಿಲ್ಲ. ಶುಭಕಾರ್ಯದಾಗ ಯಾಕ ಅಂದ್ಲು ನಿಮ್ಮವ್ವ.

ಇಷ್ಟು ನಡದದ್ದು, ಮಗಳೇ. ನಿನ್ನ ಕಾಗದಕ್ಕ ಉತ್ತರ ಇದು. ನಾ ಆ ರಜಿಸ್ಟ್ರಾರಕಿ ಬಿಡತೀನಿ ಅಂತ ಹೋದ ತಿಂಗಳು ಬರಕೊಟ್ಟೀನಿ. ಇನ್ನೂ ಮಂಜೂರಾಗಿಲ್ಲ. ಅದರ ನಂತರ ಎರಡು ನೋಟೀಸು ಬಂದ್ವು. ಬ್ಯಾರೆ ಕಡೆ ಹೋಗ್ರಿ ಅಂತ ಕಳಿಸಿದೆ. ಇನ್ನ ಆ ವಾಕ್ಯ ಕೇಳೂದು ನನ್ನ ಕೈಲೆ ಆಗೂದಿಲ್ಲ.

ನಮ್ಮ ಅಳಿಯ ಚಿ. ಪ್ರಾಣೇಶಗ ನನ್ನ ಆಶೀರ್ವಾದ ಹೇಳು. ಅವನ ಸಾಲಿ ಹುಡುಗರು ಈ ವರ್ಷ ಎಷ್ಟು ಮಂದಿ ಪಾಸಾದ್ರು ಬರಿಯಲಿಕ್ಕೆ ಹೇಳು. ನಿಮ್ಮ ಅತ್ತಿ ಮಾವನವರಿಗೆ ನಮಸ್ಕಾರ. ಉಂಡು ತಿಂದು ಸುಖವಾಗಿರು, ಮಳಿಯಾಗ ತಣ್ಣೀರು ಕುಡಿಯಬ್ಯಾಡ. ಪಂಚಮಿಗೆ ನಿನ್ನ ಕರೀಲಿಕ್ಕೆ ಬರ್ತೀನಿ, ನಿಮ್ಮವ್ವ ಈಗಿಂದೇ ಉಂಡಿ ಕಟ್ಟೂ ಮಾತಾಡಲಿಕತ್ತಾಳ. ನೀ ಹೋದ ಮನಿ ನಿನ್ನಿಂದ ಬೆಳಗಲಿ, ನಿನ್ನ ಕೈಯಾಗಿನ ಬಳಿ ನೂರು ವರ್ಷ ಗಲ್ ಗಲ್ ಅನ್ನಲಿ.

ಇಂತಿ ನಿಮ್ಮಪ್ಪ,
ಪ್ರಹ್ಲಾದರಾವ

ತಾ. ಕ. — ಸಹಿ ಮಾಡಿ ಮಡಚಿ ಇಟ್ಟಿದ್ದೆ. ಮತ್ತ ಬಿಚ್ಚೀನಿ. ಮ್ಯಾಲೆ ಬರದದ್ದರಾಗ ಸುಳ್ಳು ಇಲ್ಲ, ಆದ್ರ ಒಂದು ಮಾತು ಬಿಟ್ಟೀನಿ.

ಆ ಸೋಮವಾರ ರೇವಣಪ್ಪ ಕಚೇರಿಗೆ ಬರಲಿಲ್ಲ. ಐದಕ್ಕ ಅಮೀರ್ ಅಲಿ ಕೀಲಿ ಹಾಕಿದ್ದ. ನಾ ಮನಿಗೆ ಬಂದು ಕಾಲು ತೊಳಕೊಳ್ಳಲಿಕತ್ತಿದ್ದೆ. ಆಗ ಅಂವ ನಮ್ಮ ಅಂಗಳಕ್ಕ ಬಂದ. ಕಚೇರಿ ಮುಗೀತು, ನಾಳೆ ಹತ್ತಕ್ಕ ಬಾ ಅಂದೆ. ಹಂಗ ಅಂದು ಒಳಗ ಹೋಗಿದ್ರ ಆಗಿತ್ತು. ಮುಂಜಾನೆ ಎಂಟಕ್ಕ ಲಗ್ನ ಮುಗೀತಿತ್ತು. ಅಂವ ಅರ್ಜಿ ಬಿಚ್ಚಿ ನನ್ನ ಮುಂದ ಹಿಡದ. ಓದೂಕಿಂತ ಮೊದಲು ಅಕ್ಷರ ಗುರ್ತು ಹಿಡದೆ. ಅದಕ್ಕ ಎಂಟು ದಿನ ಮೊದಲು ನಿನ್ನ ಸಂಬಂಧದ ಸಲುವಾಗಿ ಚಿಂಚೋಳಿಯಿಂದ ಒಂದು ಕಾಗದ ಬಂದಿತ್ತು, ಜಾತಕ ಕೂಡ್ಯದ, ಹುಡುಗಿ ಒಪ್ಪಿಗಿ ಆಗ್ಯಾಳ, ಆದ್ರ ತಮ್ಮ ಕಚೇರಿಯೊಳಗ ನಡಿಯೂ ಲಗ್ನಗಳ ಬಗ್ಗೆ ನಮ್ಮ ಬಂಧುಗಳು ಮಾತಾಡಲಿಕತ್ತಾರ, ಒಂದಿಷ್ಟು ವಿಚಾರ ಮಾಡಿ ತಿಳಸ್ತೀವಿ ಅಂತ. ಅದರಾಗೂ ಅದೇ ಅಕ್ಷರ. ರೇವಣಪ್ಪನ ವಕೀಲರು ನಿಮ್ಮ ಮಾವನವರು.

ಅವರು ನನಗ ಏನೂ ಹೇಳಿ ಕಳಿಸಿರಲಿಲ್ಲ. ರೇವಣಪ್ಪನೂ ಏನೂ ಅನ್ನಲಿಲ್ಲ. ಕಕ್ಷಿಗಾರ ಹೇಳಿದ್ದನ್ನ ವಕೀಲರು ಬರದುಕೊಟ್ಟಾರ, ಅವರ ಮ್ಯಾಲೆ ನೀ ಮನಸು ಮುರಕೋಬ್ಯಾಡ. ಕೆಲಸ ಕೆಟ್ಟದ್ದು ನನ್ನಿಂದ. ಒದ್ದಿ ಕಾಲಿನ್ಯಾಗೇ ಚಪ್ಪಲಿ ಮೆಟ್ಟಿ ಹೋಗಿ, ಅಮೀರ್ ಅಲಿನ್ನ ಊಟದ ಮ್ಯಾಲಿಂದ ಎಬ್ಬಿಸಿ ಕೀಲಿ ತೆಗಸಿದೆ. "ಸಾಬ್, ನಾಳೆ ಅವರ ಲಗ್ನ ಅದಲ್ರಿ," ಅಂದ ಅಂವ. ನಾ ಅರ್ಜಿ ಮ್ಯಾಲೆ ಮುದ್ರಿ ಹೊಡದು, ಬಂದ ವ್ಯಾಳ್ಯಾ ನಾಲ್ಕೂವರಿ ಅಂತ ಬರದೆ. ಮರುವಾರ ಚಿಂಚೋಳಿಯಿಂದ ನಿನ್ನ ನಿಶ್ಚಯದ ಕಾಗದ ಬಂತು.

ಬಂದೇಅಲಿಗೆ ಗೊತ್ತಿಲ್ಲ. ನಿಮ್ಮವ್ವಗ ಗೊತ್ತಿಲ್ಲ. ರತ್ನಾಬಾಯಿಗೆ ಗೊತ್ತಿಲ್ಲ. ಸುಲೇಪೇಟಕ್ಕ ಬಂದು ತನ್ನ ಮಗ್ಗಲಾಗ ನಿಂತ ದೊಡ್ಡ ಮನಶ್ಯಾ ಅಂತ ಆಕಿ ಶಹಾಬಾದದಾಗ ಎಲ್ಲಾರ ಮುಂದ ನನ್ನ ಹೆಸರು ಹೇಳತಾಳಂತ. ಆಕಿಗೆ ಹೇಳಬೇಕು ಅಂತ ಎರಡು ರವಿವಾರ ಶಹಾಬಾದಕ್ಕ ಟಿಕೀಟು ತಗೊಂಡೀನಿ. ಎರಡೂ ಸಲ ಗಾಡಿ ಬಂತು, ನಿಂತಿತು, ಹೋತು. ನಾ ಪ್ಲಾಟ್‌ಫಾರಂ ಬೆಂಚಿನ ಮ್ಯಾಲೆ ಕೂತೇ ಇದ್ದೆ.